ಸೇನೆಯ ಗುಟ್ಟು ಬೇರೆ, ಸರ್ಕಾರದ ಮುಜುಗರ ಬೇರೆ

ಭಾರತ-ಪಾಕಿಸ್ತಾನ ಸೇನಾ ಸಂಘರ್ಷ ನಡೆಯುತ್ತಿದ್ದ 2025ರ ಮೇ 8ರ ರಾತ್ರಿ ಕರಾಚಿ ಬಂದರು ಧ್ವಂಸವಾಯಿತು ಎಂದು ನಮ್ಮ ದೇಶದ ಟಿವಿ ವಾಹಿನಿಗಳು ಸಾರಿದವು. ಇಸ್ಲಾಮಾಬಾದ್ ನಮ್ಮ ಕೈಗೆ ಬಂತು ಎಂದವರೂ ಇದ್ದರು. ಎರಡೂ ಶುದ್ಧ ಸುಳ್ಳು. ಬಸವನಗುಡಿಯ ನಮ್ಮ ಬೀದಿಯಲ್ಲಿ ಮನೆಮನೆಯ ಟಿವಿಯಿಂದಲೂ ಸೈರನ್ ಕೇಳಿಸುತ್ತಿತ್ತು. ಎದುರು ಮನೆಯ ಅಜ್ಜಿಯ ಮೊಮ್ಮಗ ಸೇನೆಯಲ್ಲಿದ್ದಾನೆ. ಅವರು ಗೇಟು ಹಿಡಿದು ನಿಂತು, “ಇದು ಎಲ್ಲಿಯ ಸೈರನ್ನಪ್ಪಾ? ನಮ್ಮ ಹುಡುಗ ಇರುವ ಕಡೆಯದಾ?” ಎಂದು ಕೇಳಿದರು. ಸ್ಟುಡಿಯೋದಲ್ಲಿ ಹಾಕಿದ ಶಬ್ದ ಎಂದು ಎಷ್ಟು ಹೇಳಿದರೂ ಅವರ ಕೈನಡುಕ ನಿಲ್ಲಲಿಲ್ಲ. ಸೈರನ್ ಸದ್ದು ಬಳಸಬೇಡಿ ಎಂದು ಕೇಂದ್ರ ಸರ್ಕಾರ ವಾಹಿನಿಗಳಿಗೆ ಸೂಚಿಸಿದ್ದು ಮೇ 10ರಂದು.

ಇದರ ನಡುವೆ, ಮೇ 9ರಂದು, ‘ದಿ ವೈರ್’ ಸುದ್ದಿ ಜಾಲತಾಣವನ್ನು ದೇಶದಾದ್ಯಂತ ನಿರ್ಬಂಧಿಸಲಾಯಿತು. ನಮ್ಮ ವಾಯುಪಡೆಯ ರಫೇಲ್ ಯುದ್ಧವಿಮಾನವೊಂದು ಉರುಳಿದೆ ಎಂಬ ಸಿಎನ್‌ಎನ್ ವರದಿಯನ್ನು ಅದು ಉಲ್ಲೇಖಿಸಿತ್ತು. ಮೇ 31ರಂದು ಸಿಂಗಪುರದಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಅವರೇ ನಾವು ವಿಮಾನ ಕಳೆದುಕೊಂಡದ್ದನ್ನು ಒಪ್ಪಿಕೊಂಡರು, ಅದೂ ವಿದೇಶಿ ಮಾಧ್ಯಮಗಳ ಮುಂದೆ. ಎಷ್ಟು, ಯಾವ ವಿಮಾನ ಎಂಬುದನ್ನು ಅವರು ಹೇಳಲಿಲ್ಲ. ಆದರೆ ತೆರಿಗೆ ಕಟ್ಟುವ, ಮಕ್ಕಳನ್ನು ಗಡಿಗೆ ಕಳಿಸುವ ಜನ ಅಷ್ಟನ್ನು ತಿಳಿಯಲಿಕ್ಕೂ ಮೂರು ವಾರ ಕಾಯಬೇಕಾಯಿತು. ಇಸ್ಲಾಮಾಬಾದ್ ಗೆದ್ದವರ ಪರದೆಗಳು ಮಾತ್ರ ಒಂದು ಗಂಟೆಯೂ ಕಪ್ಪಾಗಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ಸೇನೆಯ ಚಲನವಲನವನ್ನು ನೇರಪ್ರಸಾರ ಮಾಡಬಾರದು ಎಂಬ ನಿಯಮಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. 2008ರಲ್ಲಿ ಮುಂಬೈ ತಾಜ್ ಹೋಟೆಲಿನೊಳಗೆ ಕಮಾಂಡೋಗಳಿದ್ದಾಗ ವಾಹಿನಿಗಳು ತೋರಿಸಿದ ದೃಶ್ಯಗಳನ್ನು ನೋಡಿಯೇ ಗಡಿಯಾಚೆ ಕುಳಿತವರು ಉಗ್ರರಿಗೆ ಫೋನಿನಲ್ಲಿ ನಿರ್ದೇಶನ ಕೊಡುತ್ತಿದ್ದರು. ಕಸಬ್ ಪ್ರಕರಣದ 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವಾಹಿನಿಗಳನ್ನು ಕಟುವಾಗಿ ಟೀಕಿಸಿತು. ಟೀಕಿಸಲೇಬೇಕಿತ್ತು. ಜೀವ ಉಳಿಸುವ ಮೌನ ಅದು. ಆಗಿಹೋದ ನಷ್ಟವನ್ನು ಮುಚ್ಚಿಡುವುದರಿಂದ ಯಾವ ಸೈನಿಕನ ಜೀವವೂ ಉಳಿಯುವುದಿಲ್ಲ.

ಇದು ಒಂದು ಪಕ್ಷದ ಚಾಳಿಯೂ ಅಲ್ಲ. 2021ರ ಮೇ ತಿಂಗಳಲ್ಲಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕ ಸಿಗದೆ ಸತ್ತವರು ಮೂವರು ಮಾತ್ರ ಎಂದಿತು ಆಗಿನ ಬಿಜೆಪಿ ಸರ್ಕಾರ. ಹೈಕೋರ್ಟ್ ನೇಮಿಸಿದ ಸಮಿತಿ ಆ ಲೆಕ್ಕವನ್ನು ಒಪ್ಪಲಿಲ್ಲ. ಈಗಿನ ಕಾಂಗ್ರೆಸ್ ಸರ್ಕಾರ 2025ರಲ್ಲಿ ಸುಳ್ಳು ಸುದ್ದಿ ತಡೆಯಲು ಸಿದ್ಧಪಡಿಸಿದ ಕರಡು ಮಸೂದೆಯಲ್ಲಿ ಏಳು ವರ್ಷದವರೆಗೆ ಜೈಲು ಎಂದಿತ್ತು. ಸಾಮಾಜಿಕ ಜಾಲತಾಣದಲ್ಲಿ ಯಾವುದು ಸುಳ್ಳು ಎಂದು ನೋಡುವ ಪ್ರಾಧಿಕಾರಕ್ಕೆ ಮಂತ್ರಿಯೇ ಅಧ್ಯಕ್ಷ! ಅಂಥ ಕಾನೂನು 2021ರಲ್ಲೇ ಇದ್ದಿದ್ದರೆ, “ಮೂವರಲ್ಲ, ನಮ್ಮಪ್ಪನೂ ಉಸಿರು ಸಿಗದೆಯೇ ಸತ್ತದ್ದು” ಎಂದು ಫೇಸ್‌ಬುಕ್ಕಿನಲ್ಲಿ ಬರೆದ ಮಗನ ಗತಿ ಏನಾಗುತ್ತಿತ್ತು?

ಅಂತರ್ಜಾಲ ಸ್ಥಗಿತಗೊಳಿಸುವ ಆದೇಶಗಳನ್ನು ಸರ್ಕಾರ ಪ್ರಕಟಿಸಲೇಬೇಕು ಎಂದು 2020ರ ಜನವರಿ 10ರಂದು, ಕಾಶ್ಮೀರದ ಪತ್ರಕರ್ತೆ ಅನುರಾಧಾ ಭಾಸಿನ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜಾಲತಾಣಗಳನ್ನು ನಿರ್ಬಂಧಿಸುವ ವಿಷಯದಲ್ಲಿ ಮಾತ್ರ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಮಾಡಿದ 2009ರ ನಿಯಮಾವಳಿಯ 16ನೇ ನಿಯಮ ಇಂದಿಗೂ ಗೋಪ್ಯತೆಯನ್ನೇ ವಿಧಿಸುತ್ತದೆ. ಯಾರು ದೂರಿದರು, ಯಾಕೆ ಮುಚ್ಚಿದರು ಎಂಬುದು ಓದುಗನಿಗೆ ತಿಳಿಯುವುದಿಲ್ಲ. ಕಾರಣವೇ ಗೊತ್ತಿಲ್ಲದೆ ನ್ಯಾಯಾಲಯದಲ್ಲಿ ಪ್ರಶ್ನಿಸುವುದಾದರೂ ಹೇಗೆ? ಆ ನಿಯಮ ಹೋಗಬೇಕು. ಬೆಂಗಳೂರಿನಿಂದ ಲೋಕಸಭೆಗೆ ಆರಿಸಿ ಹೋದವರು ಇದನ್ನು ಸದನದಲ್ಲಿ ಎತ್ತಬೇಕು ಎಂದು ನಮ್ಮ ಕ್ಷೇತ್ರದ ಸಂಸದರಿಗೆ ಪತ್ರ ಬರೆದಿದ್ದೇನೆ. ನೀವೂ ನಿಮ್ಮವರಿಗೆ ಬರೆಯಿರಿ.