ಫ್ಯಾನಿನ ಮೇಲೆ ಹಕ್ಕಿ, ಕೆಳಗೆ ನಾವು

ನಮ್ಮ ಮನೆಯಲ್ಲಿ ಯಾರೂ ಯಾವುದಕ್ಕೂ ‘ಬೇಡ’ ಎಂದು ನೇರವಾಗಿ ಹೇಳುವ ಕ್ರಮ ಇಲ್ಲ. ಪ್ರಶ್ನೆ ಕೇಳುತ್ತಾರೆ, ಅಷ್ಟೆ. ಕೇಳಿ ಕೇಳಿ, ಬೇಕು ಎಂದು ಹೊರಟವನ ಬಾಯಿಯಿಂದಲೇ ‘ಬೇಡ ಮಾರಾಯ್ರೆ’ ಅನ್ನಿಸುತ್ತಾರೆ. ಫ್ರಿಜ್ಜು, ಸ್ಕೂಟರು, ನನ್ನ ಮದುವೆ, ಎಲ್ಲವೂ ಈ ಪರೀಕ್ಷೆ ದಾಟಿಯೇ ಬಂದದ್ದು. ಹಾಗಾಗಿ ಕಾನ್ಯೂರ್ ಸಾಕುವ ಆಸೆಯನ್ನು ಬಹಳ ಸಮಯ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೆ. ಒಂದು ರಾತ್ರಿ ಊಟದ ಹೊತ್ತಿಗೆ ಹೊರಗೆ ಬಂತು.

“ಕಾನ್ಯೂರ್ ಅಂದ್ರೆ ಎಂತದು? ಕಾಣೆಯ ಜಾತಿಯಾ?” ಅಮ್ಮ ಕೇಳಿದರು. ತಟ್ಟೆಯಲ್ಲಿ ಕಾಣೆ ಫ್ರೈಯೇ ಇದ್ದದ್ದರಿಂದ ಆ ಸಂಶಯಕ್ಕೆ ಆಧಾರ ಇತ್ತು. ಮೀನಲ್ಲ, ದಕ್ಷಿಣ ಅಮೆರಿಕ ಕಡೆಯ ಸಣ್ಣ ಗಿಳಿ ಎಂದೆ.

“ಅಷ್ಟು ದೂರದ್ದು ಯಾಕೆ?”

ಯಾಕೆಂದರೆ ಪೇಟೆಯ ಅಂಗಡಿಯೊಂದರಲ್ಲಿ ಸನ್ ಕಾನ್ಯೂರ್ ನೋಡಿ ಬಂದಿದ್ದೆ. ಮೈಯೆಲ್ಲ ಹಳದಿ, ಮುಖ ಮತ್ತು ಹೊಟ್ಟೆ ಕಿತ್ತಳೆ, ರೆಕ್ಕೆಗೆ ಅಲ್ಲಲ್ಲಿ ಹಸಿರು. ಗಯಾನಾ, ಉತ್ತರ ಬ್ರೆಜಿಲ್ ಕಡೆಯದಂತೆ. ಪಂಜರಕ್ಕೆಂದು ಹಿಡಿದು ಹಿಡಿದೇ ಕಾಡಿನಲ್ಲಿ ಅದು ಅಳಿವಿನಂಚಿಗೆ ಬಂದಿದೆ, ಅಂಗಡಿಗಳಲ್ಲಿ ಮಾತ್ರ ಸಮೃದ್ಧಿ. ಅಂಗಡಿಯವ ಅದರ ಗುಣಗಾನ ಮಾಡುತ್ತಿರುವಾಗಲೇ ಹಕ್ಕಿ ಒಮ್ಮೆ ಬಾಯಿ ತೆರೆಯಿತು. ಅವ ಮಾತು ನಿಲ್ಲಿಸಿದ, ಅದು ಮುಗಿಸುವವರೆಗೆ ಕಾದ, ಬಿಟ್ಟ ಅಕ್ಷರದಿಂದಲೇ ಮುಂದುವರಿಸಿದ. ಬಜ್ಪೆಯಲ್ಲಿ ವಿಮಾನ ತಲೆ ಮೇಲೆ ಹೋಗುವಾಗ ಅಲ್ಲಿಯವರು ಮಾತು ನಿಲ್ಲಿಸುತ್ತಾರಲ್ಲ, ಹಾಗೆ. ನೂರು ಗ್ರಾಂ ಚಿಲ್ಲರೆ ತೂಕದ ದೇಹದಲ್ಲಿ ಆ ಸ್ವರ ಎಲ್ಲಿ ಕೂತಿರುತ್ತದೋ!

ಮಂಗಳೂರಿನ ಕದ್ರಿಯ ನಮ್ಮ ಫ್ಲಾಟಿನ ಗೋಡೆಗಳಾದರೋ ಪಕ್ಕದ ಮನೆಯವರು ಸೀನಿದರೆ ಅಮ್ಮ ಇಲ್ಲಿಂದಲೇ ‘ಚಿರಂಜೀವಿ’ ಅನ್ನುವಷ್ಟು ತೆಳು. ಸನ್ ಕಾನ್ಯೂರ್ ಅಲ್ಲಿಗೆ ರದ್ದಾಯಿತು. ಉಳಿದದ್ದು ಗ್ರೀನ್ ಚೀಕ್ ಕಾನ್ಯೂರ್. ಬೊಲಿವಿಯಾ ಕಡೆಯದು, ಇನ್ನೂ ಸಣ್ಣದು, ಸ್ವರವೂ ಸಣ್ಣದು. ಕೆನ್ನೆ ಹಸಿರು, ಬಾಲ ಕಡುಗೆಂಪು. ಮಾತು ಕಲಿಯುವುದು ಅಷ್ಟಕ್ಕಷ್ಟೇ. ಮಾತಾಡುವವರು ಮನೆಯಲ್ಲಿ ಸಾಕಷ್ಟಿದ್ದಾರೆ ಎಂದು ಹೆಂಡತಿ ಅದಕ್ಕೆ ಆಕ್ಷೇಪ ಎತ್ತಲಿಲ್ಲ.

ಕೆಳಗಿನ ಮನೆಯ ನಿವೃತ್ತ ಮೇಷ್ಟ್ರ ಪ್ರಶ್ನೆ ಬೇರೆಯೇ. “ದುಡ್ಡು ಕೊಟ್ಟು ಗಿಳಿ ತರುದಾ? ನಮ್ಮ ತೋಟದ ಒಣಗಿದ ತೆಂಗಿನ ಮರದಲ್ಲಿ ಬೇಕಾದಷ್ಟು ಉಂಟಲ್ಲ!” ಉಂಟು, ಆದರೆ ಮುಟ್ಟುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಊರಿನ ಗಿಳಿಯನ್ನು ಹಿಡಿಯುವುದೂ ಅಪರಾಧ, ಸಾಕುವುದೂ ಅಪರಾಧ. ಹೊರದೇಶದ್ದಾದರೆ ಸಾಕಬಹುದು, ಆದರೆ 2022ರ ತಿದ್ದುಪಡಿ ಮತ್ತು 2024ರ ನಿಯಮ ಬಂದ ಮೇಲೆ ಕಾನ್ಯೂರಿನಂಥ ಹಕ್ಕಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲಿನಲ್ಲಿ ನೋಂದಾಯಿಸಬೇಕು. ಹುಟ್ಟು, ಸಾವು, ಕೈಬದಲು ಎಲ್ಲವನ್ನೂ ತಿಳಿಸಬೇಕು. ಒಟ್ಟಿನಲ್ಲಿ ಊರಿನ ಗಿಳಿಗೆ ಕೇಸು, ಬೊಲಿವಿಯಾದ ಗಿಳಿಗೆ ಅರ್ಜಿ. ಇದು ಸರಿಯೇ ಅನ್ನಿಸುತ್ತದೆ ನನಗೆ. ಆದರೆ ಗಂಡೋ ಹೆಣ್ಣೋ ಎಂದು ನೋಡಿ ಹೇಳಲಿಕ್ಕೆ ಆಗದ ಹಕ್ಕಿ ಇದು, ಡಿಎನ್ಎ ಪರೀಕ್ಷೆಯೇ ಆಗಬೇಕು. ಅರ್ಜಿ ತುಂಬಿಸುವ ಮೊದಲೇ ಪ್ರಯೋಗಾಲಯಕ್ಕೆ ಗರಿ ಕಳಿಸುವ ಯೋಗ.

ಆಮೇಲೆ ಬಂತು ಆಯುಷ್ಯದ ಪ್ರಶ್ನೆ. ಚೆನ್ನಾಗಿ ನೋಡಿಕೊಂಡರೆ ಇವು 20–25 ವರ್ಷ ಬದುಕುತ್ತವೆ. ನನಗೀಗ 54. ಊಟದ ಮೇಜಿನಲ್ಲಿ ಎಲ್ಲರೂ ಮನಸ್ಸಿನಲ್ಲೇ ಕೂಡಿಸಿ ನೋಡಿ ನನ್ನ ಮುಖ ನೋಡಿದರು. ನಮ್ಮದು ಅಳಿಯಸಂತಾನದ ಮನೆತನ, ಮಾವನದ್ದು ಅಕ್ಕ-ತಂಗಿಯ ಮಕ್ಕಳಿಗೆ ಎಂಬುದು ಹಳೆಯ ಕ್ರಮ. “ಹಾಗಾದ್ರೆ ನಿನ್ನ ನಂತರ ಹಕ್ಕಿ ಅಳಿಯನಿಗೆ” ಎಂದು ಅಮ್ಮ ತೀರ್ಪು ಕೊಟ್ಟರು. ಅಳಿಯನಿಗೆ ಫೋನಾಯಿತು. “ಮಾಮ, ಆ ಮುಲ್ಕಿಯ ಜಾಗದ ವಿಷಯ ಮೊದಲು ಇತ್ಯರ್ಥ ಮಾಡುವ, ಹಕ್ಕಿ ಮತ್ತೆ ನೋಡುವ” ಎಂದ.

ಇಷ್ಟರಲ್ಲಿ ದೇರಳಕಟ್ಟೆಯಲ್ಲಿ ಓದುವ ಅಕ್ಕನ ಮಗಳಿಗೆ ಕಾಲೇಜಿನ ಪ್ರವಾಸ ಬಂತು. ಅವಳ ಹತ್ತಿರ ಗ್ರೀನ್ ಚೀಕ್ ಒಂದು ಇದೆ, ಹೆಸರು ಕುಟ್ಟಿ. “ಮಾಮ, ನೀವು ತೆಗೊಳ್ಳುವ ಮೊದಲು ಒಂದು ವಾರ ಇಟ್ಟು ನೋಡಿ” ಎಂದು ಪಂಜರ ಸಮೇತ ರಿಕ್ಷಾದಲ್ಲಿ ತಂದಿಳಿಸಿದಳು. ಜೊತೆಗೆ ಎರಡೂ ಬದಿ ತುಂಬ ಬರೆದ ಹಾಳೆ. ಬೆಣ್ಣೆಹಣ್ಣು, ಚಾಕೊಲೇಟು, ಕಾಫಿ ಕೊಡಬಾರದು, ವಿಷ. ಬರೀ ಸೂರ್ಯಕಾಂತಿ ಬೀಜ ಹಾಕಿ ಕೈತೊಳೆದುಕೊಳ್ಳಬಾರದು. ಪೆಲೆಟ್ಟು ಎಂಬ ಸಿದ್ಧ ಆಹಾರದ ಗುಳಿಗೆ, ಕ್ಯಾರೆಟ್ಟು, ಸಿಹಿಕುಂಬಳ ಬೇಕು. ಮಳೆಗಾಲದಲ್ಲಿ ಕಾಳಿಗೆ ಬೂಸ್ಟು ಬಂದರೆ ಹಕ್ಕಿಯ ಶ್ವಾಸಕೋಶಕ್ಕೆ ಕುತ್ತು. ಕಪಾಟಿನೊಳಗಿನ ಬೆಲ್ಟಿಗೂ ಬೂಸ್ಟು ಬರುವ ಊರಿನಲ್ಲಿ ಈ ಷರತ್ತನ್ನು ನಾನು ಎರಡು ಸಲ ಓದಿದೆ. ಊದುಬತ್ತಿ, ಸಾಂಬ್ರಾಣಿ, ಸೊಳ್ಳೆ ಕಾಯಿಲ್ ಹತ್ತಿರ ಸುಳಿಯಬಾರದು. ಹೊರಗೆ ಬಿಟ್ಟಾಗ ಫ್ಯಾನ್ ಆಫ್. ಈ ಕೊನೆಯದಕ್ಕೆ ಕೆಳಗೆ ಕೆಂಪು ಗೆರೆ ಎಳೆದಿದ್ದಳು.

ಏಪ್ರಿಲ್ ತಿಂಗಳು. ಮಂಗಳೂರಿನಲ್ಲಿ ಏಪ್ರಿಲಿನ ಸಂಜೆ ಫ್ಯಾನ್ ಆಫ್ ಮಾಡುವುದೆಂದರೆ ಕರೆಂಟು ಹೋದಾಗ ಮಾತ್ರ, ಅದೂ ನಾವಾಗಿ ಮಾಡುವುದಲ್ಲ. ಕುಟ್ಟಿಗೆ ದಿನಕ್ಕೆ ಕೆಲವು ಗಂಟೆ ಹೊರಗೆ ಇರಲೇಬೇಕು, ಇಲ್ಲದಿದ್ದರೆ ಮಂಕಾಗಿ ಗರಿ ಕಿತ್ತುಕೊಳ್ಳಬಹುದಂತೆ. ಬಾಗಿಲು ತೆರೆದೆ. ಹೊರಗೆ ಬಂತು, ನನ್ನ ಹೆಗಲು ನೋಡಿತು, ಸೋಫಾ ನೋಡಿತು, ನೇರ ಹಾರಿ ನಿಂತ ಫ್ಯಾನಿನ ರೆಕ್ಕೆಯ ಮೇಲೆ ಕೂತಿತು. ಅಲ್ಲಿಂದ ಇಳಿಯುವ ಲಕ್ಷಣ ಇರಲಿಲ್ಲ. ಕೊಕ್ಕಿನಿಂದ ರೆಕ್ಕೆಯ ಧೂಳು ಕೆರೆದು ಕೆರೆದು ನಮ್ಮ ಮೇಲೆ ಉದುರಿಸುತ್ತಾ ಕೂತಿತು. ಕೆಳಗೆ ಇಡೀ ಸಂಸಾರ ಬೆವರಿನಲ್ಲಿ ಅಂಟಿಕೊಂಡು ಉದಯವಾಣಿ ಬೀಸಿಕೊಳ್ಳುತ್ತಾ ಮೇಲೆ ನೋಡುತ್ತಿತ್ತು. ಪೇಪರ್ ತಂದುಕೊಡಲು ಬಂದ ಮೇಷ್ಟ್ರು ಬಾಗಿಲಲ್ಲೇ ನಿಂತು, “ಕರೆಂಟು ನಿಮಗೆ ಮಾತ್ರ ಹೋದದ್ದಾ?” ಎಂದು ಕೇಳಿದರು.

ಸಂಜೆ ಆರೂವರೆಗೆ ಅದರ ಮಲಗುವ ಹೊತ್ತು. ಹತ್ತು-ಹನ್ನೆರಡು ಗಂಟೆ ಕತ್ತಲೆ ನಿದ್ದೆ ಬೇಕು ಎಂದು ಹಾಳೆಯಲ್ಲಿತ್ತು. ಪಂಜರಕ್ಕೆ ಬಟ್ಟೆ ಮುಚ್ಚಿದ ಮೇಲೆ ಅಮ್ಮನ ಧಾರಾವಾಹಿಯವರು ದನಿಯಿಲ್ಲದೆ ಜಗಳವಾಡಿದರು. ಮಗ ಕ್ರಿಕೆಟನ್ನು ಮೊಬೈಲಿನಲ್ಲಿ ಇಯರ್‌ಫೋನ್ ಹಾಕಿ ನೋಡಿ, ಸಿಕ್ಸರಿಗೆ ಮಾತ್ರ ಬೊಬ್ಬೆ ಹೊಡೆದ. ಒಳಗಿನಿಂದ ಉತ್ತರ ಬಂತು. ಪಕ್ಕದ ಮನೆಯಿಂದಲೂ ಬಂತು.

ಕಣ್ಣಿಗೆ ಕಾಣಿಸದಿದ್ದರೆ ಕರೆಯುವುದು ಅದರ ಜಾತಿಗುಣ. ಕಾಡಿನಲ್ಲಿ ಗುಂಪು ಚದುರದಿರಲು ಹಾಗೆ. ನಮ್ಮ ಮನೆಯಲ್ಲಿ ಗುಂಪು ಎಂದರೆ ನಾನು. ನಾನು ಬಚ್ಚಲಿಗೆ ಹೋದರೆ ಸಾಕು, ಶುರು. ಒಳಗಿನಿಂದ “ಇದ್ದೇನೆ, ಇದ್ದೇನೆ” ಎಂದು ನಾನು ಕೂಗಬೇಕು. ಆಗ ಒಂದು ಕ್ಷಣ ಸುಮ್ಮನಾಗಿ, ಸಂಶಯ ಬಂದು ಪುನಃ ಕರೆಯುತ್ತದೆ. ಲಿಫ್ಟಿನಲ್ಲಿ ಪಕ್ಕದ ಮನೆಯ ಬಾಯಮ್ಮ ಬಹಳ ಕಾಳಜಿಯಿಂದ, “ನಿಮಗೆ ಹೊಟ್ಟೆ ಸರಿ ಉಂಟಲ್ಲ?” ಎಂದು ವಿಚಾರಿಸಿದರು.

ಲ್ಯಾಪ್‌ಟಾಪಿನ ವಿಷಯ ಹೆಚ್ಚು ಹೇಳುವುದಿಲ್ಲ. ಜಿಎಸ್‌ಟಿ ಲೆಕ್ಕ ಕಳಿಸುವ ಕೊನೆಯ ದಿನ ಕುಟ್ಟಿ ಎಂಟರ್ ಕೀಯನ್ನೇ ಕಿತ್ತು ತೆಗೆದದ್ದು ನಿಜ. ಅಂಗಿಯ ಗುಂಡಿಗಳಲ್ಲಿ ಮೇಲಿನೆರಡು ಈಗ ಇಲ್ಲ.

ಆ ವಾರವೇ ಸಂಬಂಧಿಕರ ಮದುವೆಯೊಂದಿತ್ತು, ಅದರ ಕತೆ ಹೇಳಲೇಬೇಕು. ಕಾಲು ಗಂಟೆಗೊಮ್ಮೆಯಾದರೂ ಹಿಕ್ಕೆ ಹಾಕುವ ಹಕ್ಕಿ ಕುಟ್ಟಿ. ಹೊರಡುವ ಗಡಿಬಿಡಿಯಲ್ಲಿ ಬಿಳಿ ಅಂಗಿ ಹಾಕಿ, ಹಕ್ಕಿಯನ್ನು ಹೆಗಲಿನಿಂದ ಇಳಿಸಿ ಪಂಜರಕ್ಕೆ ಸೇರಿಸಿ, ಮದುವೆ ಹಾಲ್‌ಗೆ ಓಡಿದೆವು. ಮುಹೂರ್ತ ಆಗಿ ಅಕ್ಷತೆ ಹಾಕಿ ಬರುವಾಗ ಹಿಂದಿನಿಂದ ದೂರದ ಸಂಬಂಧಿಕರೊಬ್ಬರು ನನ್ನ ಬೆನ್ನು ತಟ್ಟಿ ಕಿವಿಯಲ್ಲಿ ಕೇಳಿದರು: “ಊಟಕ್ಕೆ ಇನ್ನೂ ಎಲೆಯೇ ಹಾಕಿಲ್ಲ, ನಿಮಗೆ ಚಟ್ನಿ ಎಲ್ಲಿ ಸಿಕ್ಕಿತು?” ಹಸಿರೂ ಬಿಳಿಯೂ ಸೇರಿದ ಆ ಬಣ್ಣ ನೋಡಿದರೆ ಅವರ ಮೇಲೆ ತಪ್ಪು ಹೊರಿಸಲಾಗದು. ಟಿಶ್ಯೂ ತಂದು ಒರಸಿಯೂ ಕೊಟ್ಟರು, ಪುಣ್ಯಾತ್ಮರು. ಅದು ಏನೆಂದು ನಾನು ಹೇಳಲಿಲ್ಲ. ಮುಂದೆ ಇಡೀ ಪಂಕ್ತಿಯಲ್ಲಿ ಅವರು ಚಟ್ನಿ ಯಾವಾಗ ಬರುತ್ತದೆಂದು ಕಾಯುತ್ತಿದ್ದರು.

ಇಷ್ಟಾದ ಮೇಲೆ ಹಕ್ಕಿಯ ಆಸೆ ಬಿಡಬೇಕಿತ್ತು. ಬಿಡದಿರಲು ಕಾರಣ ಅಮ್ಮ. ಅಡುಗೆಮನೆಯಲ್ಲಿ ಜೀರಿಗೆ ಮೆಣಸು ಬಿಡಿಸುತ್ತಿದ್ದಾಗ ಕುಟ್ಟಿ ಮಣೆಯ ಹತ್ತಿರ ಇಳಿದು, ಒಂದು ಮೆಣಸನ್ನು ಕಾಲಿನಲ್ಲಿ ಎತ್ತಿ ಹಿಡಿದು, ಸಿಪ್ಪೆ ಸೀಳಿ ಒಳಗಿನ ಬೀಜವನ್ನೆಲ್ಲ ನಿಧಾನ ತಿಂದಿತು. ಕಣ್ಣಲ್ಲಿ ನೀರಿಲ್ಲ, ಮೂಗಲ್ಲಿ ಸೊರಸೊರ ಇಲ್ಲ. ಹಕ್ಕಿಗಳಿಗೆ ಖಾರ ಗೊತ್ತಾಗುವುದಿಲ್ಲ, ನಾಲಗೆಗೆ ಆ ಉರಿ ತಟ್ಟುವುದೇ ಇಲ್ಲ ಎಂದು ನಾನು ವಿವರಿಸಿದೆ. ಅಮ್ಮ ಕೇಳಿಸಿಕೊಳ್ಳಲಿಲ್ಲ. “ನೋಡು, ಇದು ಊಟ ಮಾಡುವ ಕ್ರಮ” ಎಂದು ಖಾರಕ್ಕೆ ಹೆದರುವ ಮೊಮ್ಮಗನಿಗೆ ತೋರಿಸಿದರು. ಬೊಲಿವಿಯಾದ್ದು ಅಂದಿನಿಂದ ನಮ್ಮ ಕಡೆಯದ್ದೇ ಆಯಿತು.

ತೊಡಕು ಬಂದದ್ದು ಕಾವಲಿಯಲ್ಲಿ. ಹಾಳೆಯ ಹಿಂಬದಿಯಲ್ಲಿ ಇದ್ದದ್ದನ್ನು ನಾನು ಓದಿ ಹೇಳಬೇಕಾಯಿತು: ನಾನ್‌ಸ್ಟಿಕ್ ಪಾತ್ರೆ ವಿಪರೀತ ಕಾದರೆ ಅದರ ಲೇಪದಿಂದ ಹೊರಡುವ ಹೊಗೆ ನಮಗೆ ಮೂಗಿಗೂ ತಿಳಿಯದಿರಬಹುದು, ಹಕ್ಕಿಗೆ ಪ್ರಾಣಾಂತಿಕ. ಅವುಗಳ ಉಸಿರಾಟ ನಮಗಿಂತ ಚುರುಕು. ಗಾಳಿಯಲ್ಲಿದ್ದದ್ದನ್ನೆಲ್ಲ ಬೇಗ ಒಳಗೆ ಎಳೆದುಕೊಳ್ಳುತ್ತವೆ. ಹಿಂದೆ ಕಲ್ಲಿದ್ದಲ ಗಣಿಗಳಲ್ಲಿ ವಿಷಗಾಳಿ ತಿಳಿಯಲು ಕ್ಯಾನರಿ ಹಕ್ಕಿಯನ್ನು ಒಯ್ಯುತ್ತಿದ್ದದ್ದೂ ಇದಕ್ಕೇ. ನೀರ್‌ದೋಸೆಗಾದರೆ ಕಾವಲಿ ಕಾಯಲೇಬೇಕು, ಹಿಟ್ಟು ಬಿದ್ದಾಗ ಚುಂಯ್ ಎಂದು ಕಣ್ಣು ಕಣ್ಣಾಗಿ ಏಳಬೇಕು. ಅದರ ಮಧ್ಯೆ ಬಾಗಿಲಿಗೆ ಮೀನಿನವಳು ಬಂದು ಅಮ್ಮ ಬಂಗುಡೆಗೆ ಚೌಕಾಸಿ ಶುರು ಮಾಡಿದರೆ ಖಾಲಿ ಕಾವಲಿ ಒಲೆಯ ಮೇಲೆ ಎಷ್ಟು ಹೊತ್ತು ಇರುತ್ತದೆಂದು ಹೇಳುವವರು ಯಾರೂ ಇಲ್ಲ.

ಕುಟ್ಟಿ ಇದ್ದಷ್ಟು ದಿನ ಅವಲಕ್ಕಿ, ಉಪ್ಪಿಟ್ಟಿನಲ್ಲಿ ಕಳೆಯಿತು. ಆದರೆ 25 ವರ್ಷ ಅವಲಕ್ಕಿ ತಿನ್ನಲಿಕ್ಕಾಗುತ್ತದಾ? ಅಮ್ಮ ನಾನ್‌ಸ್ಟಿಕ್ಕಿಗೆ ಬಂದದ್ದೂ ಶೋಕಿಗಲ್ಲ. ಮಣಿಗಂಟಿನ ನೋವಿನಲ್ಲಿ ಕಬ್ಬಿಣದ ಕಾವಲಿ ಎತ್ತಲಿಕ್ಕಾಗದೆ.

ಅಮ್ಮ ಇಲ್ಲ ಅನ್ನಲಿಲ್ಲ. “ಹಕ್ಕಿ ಬರ್ಲಿ, ನನಗೆ ಎಂತ. ಕಬ್ಬಿಣದ ಕಾವಲಿ ಮೇಲೆ ಅಟ್ಟದಲ್ಲಿ ಉಂಟು. ಆದ್ರೆ ದೋಸೆ ಹೊಯ್ಯುವವರು ಯಾರು?” ಎಂದು ಕೇಳಿದರು.

ಹೀಗಾಗಿ ಬೆಳಿಗ್ಗೆ ಒಲೆಯ ಮುಂದೆ ಈಗ ನಾನು. ತುಕ್ಕು ಉಜ್ಜಿ ತೆಗೆದು, ಎಣ್ಣೆ ಸವರಿ ಕಾಯಿಸಿ, ಮೊಟ್ಟೆ ಹುರಿದು, ಅರ್ಧ ನೀರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ತಿಕ್ಕಿ, ಕಾವಲಿಯನ್ನು ದಾರಿಗೆ ತರುತ್ತಿದ್ದೇನೆ. ಸುರುವಿಗೆ ಹೊಯ್ದದ್ದೆಲ್ಲ ಕಾವಲಿಗೇ ನೈವೇದ್ಯ ಆಯಿತು. ಸಟ್ಟುಗದಲ್ಲಿ ಕೆರೆದು ತೆಗೆದ ಚೂರುಗಳಿಗೆ ಬೆಲ್ಲ-ಕಾಯಿ ಹಾಕಿ ಮಗ ತಿನ್ನುತ್ತಿದ್ದಾನೆ, ಅದೊಂದು ಹೊಸ ತಿಂಡಿ ಎಂದು ತಿಳಿದು. ಕುಟ್ಟಿ ದೇರಳಕಟ್ಟೆಗೆ ವಾಪಸಾಗಿದೆ, ಫ್ಯಾನ್ ಪುನಃ ತಿರುಗುತ್ತಿದೆ, ಅಮ್ಮ ದೂರದಲ್ಲಿ ಕುರ್ಚಿ ಹಾಕಿ ಕೂತು “ಉರಿ ಕಡಿಮೆ ಮಾಡು, ಹಿಟ್ಟು ನೀರು ಮಾಡು” ಎಂದು ಕಾಮೆಂಟರಿ ಕೊಡುತ್ತಾರೆ. ದೋಸೆ ಇಡಿಯಾಗಿ ಎದ್ದ ದಿನ ಹಕ್ಕಿಯ ಮಾತು ಎಂದು ಅವರ ಕರಾರು.

ನಿನ್ನೆಯ ಒಂದು ದೋಸೆ ಮುಕ್ಕಾಲು ಭಾಗ ಎದ್ದಿತು. ಅಕ್ಕನ ಮಗಳಿಗೆ ಫೋನ್ ಮಾಡಿ, ಪಂಜರ ಎಷ್ಟು ದೊಡ್ಡದು ಬೇಕು ಎಂದು ಕೇಳಿದ್ದೇನೆ.