ಗುಂಡಿಯ ಮರುಬಳಕೆ

ಜೂನ್ 5ರ ವಿಶ್ವ ಪರಿಸರ ದಿನದ ಫೋಟೊ ನೀವೂ ನೋಡಿರುತ್ತೀರಿ. ಯಾವ ಶಾಲೆಯದಾದರೇನು, ಫೋಟೊ ಒಂದೇ. ಒಂದು ಸಸಿ, ಅದನ್ನು ಹಿಡಿದ ಏಳು ಜೊತೆ ಕೈ, ಹಿಂದೆ ‘ಪ್ಲಾಸ್ಟಿಕ್ ತ್ಯಜಿಸಿ’ ಎನ್ನುವ ಹತ್ತಡಿ ಫ್ಲೆಕ್ಸ್. ಪಾಲಿಯೆಸ್ಟರ್ ಬಟ್ಟೆಗೆ ಪಿವಿಸಿ ಮೆತ್ತಿದ ಸರಕು ಅದು. ಎರಡು ಬಗೆಯ ಪ್ಲಾಸ್ಟಿಕ್ ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಗುಜರಿಯವನೂ ಮುಟ್ಟುವುದಿಲ್ಲ. ಸಂದೇಶ ಚಿರಾಯು. ಮುಂದಿನ ವರ್ಷಕ್ಕೂ ಕಟ್ಟಬಹುದಿತ್ತು, ಆದರೆ ಮುಖ್ಯ ಅತಿಥಿ ಬದಲಾಗುತ್ತಾರಲ್ಲ.

ಸಸಿ ಮಾತ್ರ ಕಪ್ಪು ಚೀಲದ ಸಮೇತ ಗುಂಡಿಗಿಳಿದಿದೆ. ಬೇರು ಒಳಗೊಳಗೇ ಸುತ್ತುತ್ತಾ ತನಗೆ ತಾನೇ ಉರುಳು ಹಾಕಿಕೊಳ್ಳುತ್ತದೆ. ಎರಡಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಚೀಲ ಸೀಳಿ ತೆಗೆದು, ಚೀಲದಲ್ಲಿ ಮಣ್ಣು ಎಲ್ಲಿಯವರೆಗಿತ್ತೋ ಅಷ್ಟೇ ಆಳಕ್ಕೆ ನೆಟ್ಟು, ಬುಡದಿಂದ ನಾಲ್ಕು ಬೆರಳು ಬಿಟ್ಟು ಸುತ್ತ ಒಣ ಎಲೆ ಹೊದಿಸಬೇಕು. ಅಷ್ಟು ಹೊತ್ತು ಫೋಟೊಗ್ರಾಫರ್ ನಿಲ್ಲುತ್ತಾನೆಯೇ? ಒಣ ಎಲೆಯಾದರೂ ಎಲ್ಲಿದೆ? ಅತಿಥಿಗಳು ಬರುವ ಮೊದಲೇ ಗುಡಿಸಿ ಕಟ್ಟಡದ ಹಿಂದೆ ಸುಟ್ಟಾಯಿತು. ಮಳೆ ನಿಂತ ಮೇಲೆ ವಾರಕ್ಕೆರಡು ಸಲ ಹತ್ತು ಹತ್ತು ಲೀಟರ್ ನೀರು ಬೇಕು. ದೊಡ್ಡ ರಜೆಯಲ್ಲಿ ಶಾಲೆಗೆ ಬೀಗ, ಸಸಿಗೆ ಮೋಕ್ಷ. ನಷ್ಟವೇನಿಲ್ಲ, ಅದೇ ಗುಂಡಿ ಮುಂದಿನ ಜೂನ್‌ಗೆ ಸಿದ್ಧ. ಶಾಲೆಯಲ್ಲಿ ನಿಜವಾಗಿ ಮರುಬಳಕೆಯಾಗುವ ವಸ್ತು ಅದೊಂದೇ.

ಇನ್ನು ‘ಕಸದಿಂದ ರಸ’ ಸ್ಪರ್ಧೆ. ಅಬ್ಬಾ! ಮನೆಯಲ್ಲಿ ಕಸ ಸಾಲದೆ ಅಂಗಡಿಯಿಂದ ತರುವ ಏಕೈಕ ಸಂದರ್ಭ. ಹೊಸ ಥರ್ಮೋಕೋಲ್, ಒಳಗೆ ಪ್ಲಾಸ್ಟಿಕ್ ಪದರವಿರುವ ಹೊಸ ಪೇಪರ್ ಲೋಟ, ಜೊತೆಗೆ ಗ್ಲಿಟರ್. ಬಾಟಲಿಯಲ್ಲಿ ಏನಾದರೂ ಉಳಿದಿದ್ದರೆ ಚೆಲ್ಲಿ ಅದನ್ನು ತ್ಯಾಜ್ಯವಾಗಿಸುವುದು. ರಾತ್ರಿ ಹನ್ನೊಂದರವರೆಗೆ ಅಪ್ಪ ಅಂಟಿಸುತ್ತಾನೆ, ಬೆಳಗ್ಗೆ ಮಗ ಬಹುಮಾನ ತರುತ್ತಾನೆ. ಥರ್ಮೋಕೋಲ್‌ನಲ್ಲಿ ಶೇ 98ರಷ್ಟು ಬರೀ ಗಾಳಿ; ಅಂದಿನ ಭಾಷಣಗಳಲ್ಲಿ ಇದಕ್ಕಿಂತ ತುಸು ಹೆಚ್ಚು. ಗ್ಲಿಟರ್ ಎಂದರೆ ಅಲ್ಯುಮಿನಿಯಂ ಲೇಪಿಸಿದ ಪ್ಲಾಸ್ಟಿಕ್‌ನ ಚೂರು. ಗುಡಿಸಿದರೆ ಹೋಗದು, ತೊಳೆದರೆ ಸೀದಾ ಚರಂಡಿಗೆ. ಹಳೆ ನೋಟ್‌ಬುಕ್ಕುಗಳ ಖಾಲಿ ಹಾಳೆ ಹೊಲಿದು ರಫ್ ಪುಸ್ತಕ ಮಾಡಿ ತಂದ ಹುಡುಗಿಗೆ ಸಮಾಧಾನಕರ ಬಹುಮಾನವೂ ಇಲ್ಲ. ಆಕರ್ಷಕವಾಗಿಲ್ಲವಂತೆ.

ಮಳೆಕೊಯ್ಲು ತೊಟ್ಟಿಯೂ ಇದೆ, ಉದ್ಘಾಟನೆಯ ಕಲ್ಲಿನ ಸಮೇತ. ಲೆಕ್ಕ ಸರಿಯಾಗಿಯೇ ಇದೆ: ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 200 ಚದರ ಮೀಟರ್ ಮೇಲೆ 20 ಮಿ.ಮೀ. ಸುರಿದರೆ 4,000 ಲೀಟರ್, ಐದರಲ್ಲೊಂದು ಪಾಲು ಪೋಲಾದರೂ 3,200. ಕೆಡುವುದು ಬೇರೆ ಕಡೆ. ಚಾವಣಿ ತೊಳೆದು ಬರುವ ಮೊದಲ ಕೊಳಕು ನೀರು ತುಂಬಿಕೊಳ್ಳಲೆಂದೇ ಒಂದು ಅಡ್ಡಪೈಪು ಇಟ್ಟಿರುತ್ತಾರೆ. ಪ್ರತಿ ಮಳೆಯಾದ ಮೇಲೆ ಅದರ ಬುಡದ ಮುಚ್ಚಳ ತಿರುಗಿಸಿ ಖಾಲಿ ಮಾಡಬೇಕು. ಮಾಡದಿದ್ದರೆ ಮುಂದಿನ ಮಳೆಯಲ್ಲಿ ಹಕ್ಕಿಗಳ ಹಿಕ್ಕೆ ನೇರ ತೊಟ್ಟಿಗೆ. ಆಮೇಲೆ ‘ನೀರು ವಾಸನೆ’ ಎಂದು ತೊಟ್ಟಿಗೂ ಬೀಗ.

ಪಕ್ಕದಲ್ಲೇ ನಲ್ಲಿ ಸೋರುತ್ತಿದೆ. ಸೆಕೆಂಡಿಗೊಂದು ಹನಿ ಎಂದರೂ ದಿನಕ್ಕೆ ಸುಮಾರು 20 ಲೀಟರ್. ವಾಲ್ವ್ ಮುಚ್ಚಿ, ಸ್ಪ್ಯಾನರ್‌ನಿಂದ ನಲ್ಲಿಯ ತಲೆ ಬಿಚ್ಚಿ, ಸವೆದ ವಾಷರ್ ಬದಲಿಸಲು ಹತ್ತು ನಿಮಿಷ ಸಾಕು. ಹೊಸ ವಾಷರ್ ಹಾಕಿದರೂ ಸೋರಿದರೆ ಅದು ಕೂರುವ ಜಾಗವೇ ಸವೆದಿದೆ ಎಂದರ್ಥ, ನಲ್ಲಿಯನ್ನೇ ಬದಲಿಸಿ. ಆದರೆ ವಾಷರ್ ಹಾಕುವುದಕ್ಕೆ ರಿಬ್ಬನ್ ಕತ್ತರಿಸುವ ಅವಕಾಶವಿಲ್ಲ ನೋಡಿ.

ಸಾಕು ಈ ತಮಾಷೆ. ಕಟ್ಟುವುದಕ್ಕೆ ದುಡ್ಡಿರುತ್ತದೆ, ನೋಡಿಕೊಳ್ಳುವುದಕ್ಕೆ ಇರುವುದಿಲ್ಲ. ಮುಚ್ಚಳ ಬಿಚ್ಚಲು, ರಜೆಯಲ್ಲಿ ನೀರು ಹಾಕಲು ಒಬ್ಬರಿಗೆ ಸಂಬಳ ಕೊಡಿ ಎಂದರೆ ‘ಮಕ್ಕಳಲ್ಲಿ ಜಾಗೃತಿ ಮೂಡಿಸಿ’ ಎಂಬ ಸುತ್ತೋಲೆ ಬರುತ್ತದೆ. ಏಳು ವರ್ಷದ ಮಗುವಿನ ಕೈಯಲ್ಲಿ ಭೂಮಿ ಉಳಿಸುವ ಪ್ರತಿಜ್ಞೆ ಮಾಡಿಸಲು ನಾಚಿಕೆಯೂ ಆಗುವುದಿಲ್ಲ. ಜಾಗೃತಿ ಮಕ್ಕಳಿಗೆ ಬೇಕಾದಷ್ಟಿದೆ ಸ್ವಾಮಿ. ನಲ್ಲಿ ಸೋರುತ್ತಿದೆ ಎಂದು ಮೊದಲು ಓಡಿ ಬಂದು ಹೇಳುವವರು ಅವರೇ. ‘ಹೋಗಿ ಕೂತ್ಕೊ’ ಎನ್ನುವವರು ನಾವು.

ಈ ಸಲ ಪ್ರಬಂಧ ಸ್ಪರ್ಧೆಯೂ ಇದೆಯಂತೆ: ‘ಕಾಗದ ಉಳಿತಾಯದಲ್ಲಿ ವಿದ್ಯಾರ್ಥಿಗಳ ಪಾತ್ರ’. ಐದು ಪುಟ ಮೀರಬಾರದು. ಹಾಳೆಯ ಒಂದೇ ಬದಿಯಲ್ಲಿ ಬರೆಯತಕ್ಕದ್ದು.