ರಾತ್ರಿ ಎಷ್ಟು ಜನ ಉಳಿದರು ಅಂತ ಕೇಳಿ

ಕಡಲ ತೀರದ ಊರಿನ ಪ್ರವಾಸೋದ್ಯಮ ಅಂದ ಕೂಡಲೇ ಎಲ್ಲರೂ ಕೊಡುವ ಲೆಕ್ಕ ಒಂದೇ, ಈ ವರ್ಷ ಇಷ್ಟು ಲಕ್ಷ ಜನ ಬಂದರು ಅಂತ. ಸುಮ್ನೆ ತಲೆ ಎಣಿಸಿ ಏನು ಪ್ರಯೋಜನ? ಅವರಲ್ಲಿ ಎಷ್ಟು ಜನ ರಾತ್ರಿ ಉಳಿದರು ಅನ್ನುವುದು ನನ್ನ ಪ್ರಶ್ನೆ.

ದೊಡ್ಡ ಕ್ರೂಸ್ ಹಡಗು ಬಂದರೆ ಒಂದೇ ಬೆಳಿಗ್ಗೆ ಮೂರು ನಾಲ್ಕು ಸಾವಿರ ಜನ ಇಳಿಯುತ್ತಾರೆ. ಅವರ ಊಟ, ಹಾಸಿಗೆ ಎಲ್ಲ ಹಡಗಿನಲ್ಲೇ, ದುಡ್ಡು ಮೊದಲೇ ಕಟ್ಟಿರುತ್ತಾರೆ. ನಾಲ್ಕೈದು ಗಂಟೆ ಸುತ್ತಿ, ಫೋಟೋ ತೆಗೆದು ಹೊರಡುತ್ತಾರೆ. ಊರಿಗೆ ಸಿಗುವುದು ಬಂದರಿನ ಶುಲ್ಕ, ಸ್ವಲ್ಪ ಚಿಲ್ಲರೆ ವ್ಯಾಪಾರ, ಗುಡಿಸುವುದಕ್ಕೆ ಒಂದಿಷ್ಟು ಕಸ. ಅದೇ ಒಂದು ಕುಟುಂಬ ಮೂರು ರಾತ್ರಿ ಉಳಿದರೆ ಅವರ ದುಡ್ಡು ರೂಮು ಗುಡಿಸುವವರಿಗೆ, ಬಟ್ಟೆ ಒಗೆಯುವವರಿಗೆ, ಮೀನು ಮಾರುವವರಿಗೆ, ದೋಣಿ ನಡೆಸುವವರಿಗೆ ಹೋಗುತ್ತದೆ, ಅವರು ಅದನ್ನು ಮತ್ತೆ ಊರಿನ ಅಂಗಡಿಯಲ್ಲೇ ಖರ್ಚು ಮಾಡುತ್ತಾರೆ. (ಹೋಟೆಲ್ ಹೊರಗಿನ ಕಂಪನಿಯದ್ದಾದರೆ ಲಾಭ ಹೊರಗೆ ಹೋಗುತ್ತದೆ, ಅದು ಬೇರೆ ಮಾತು.)

ವೆನಿಸ್‌ಗೆ ಇದು ತಡವಾಗಿ ಅರ್ಥವಾಯಿತು. 2024ರಲ್ಲಿ ಕೆಲವು ದಿನಗಳ ಮಟ್ಟಿಗೆ, ಹಗಲು ಬಂದು ಹೋಗುವವರಿಗೆ 5 ಯೂರೋ ಪ್ರವೇಶ ಶುಲ್ಕ ಹಾಕಿದರು. ರಾತ್ರಿ ಉಳಿಯುವವರಿಗೆ ಈ ಶುಲ್ಕ ಇಲ್ಲ. ಆದರೆ 1950ರ ಹೊತ್ತಿಗೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನರಿದ್ದ ಹಳೇ ವೆನಿಸ್‌ನಲ್ಲಿ ಈಗ 50,000 ಜನವೂ ಇಲ್ಲ. ಮನೆಗಳೆಲ್ಲ ಪ್ರವಾಸಿಗರ ಬಾಡಿಗೆಗೆ ಹೋದರೆ ಹೋಟೆಲ್‌ನಲ್ಲಿ ಕೆಲಸ ಮಾಡುವವರು ಎಲ್ಲಿರಬೇಕು? ಇದೇ ಕಷ್ಟಕ್ಕೆ ಬಾರ್ಸಿಲೋನಾ 2028ರೊಳಗೆ ಇಂಥ 10,000ಕ್ಕೂ ಜಾಸ್ತಿ ಫ್ಲ್ಯಾಟ್‌ಗಳ ಪರವಾನಗಿ ನಿಲ್ಲಿಸುತ್ತೇವೆ ಅಂತ ಹೇಳಿದೆ. ಕ್ರೊಯೇಷಿಯಾದ ಕಡಲ ತೀರದ ಊರು ಡುಬ್ರೋವ್ನಿಕ್ ದಿನಕ್ಕೆ ಎರಡೇ ಕ್ರೂಸ್ ಹಡಗು ಅಂತ ಮಿತಿ ಹಾಕಿಕೊಂಡಿದೆ.

ನನ್ನನ್ನು ಜಾಸ್ತಿ ಕಾಡುವುದು ಫಿಲಿಪ್ಪೀನ್ಸ್‌ನ ಬೊರಾಕೇ. ಕೊಳಚೆ ನೀರನ್ನು ಹಾಗೇ ಸಮುದ್ರಕ್ಕೆ ಬಿಟ್ಟು ಬಿಟ್ಟು, ಕೊನೆಗೆ 2018ರಲ್ಲಿ ಸರ್ಕಾರ ಇಡೀ ದ್ವೀಪವನ್ನೇ ಆರು ತಿಂಗಳು ಪ್ರವಾಸಿಗರಿಗೆ ಮುಚ್ಚಿತು. ಆರು ತಿಂಗಳು! ದಿನಗೂಲಿಯವರ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು? ಚರಂಡಿ ಕಟ್ಟದೆ ಉಳಿಸಿದ ದುಡ್ಡಿನ ಬೆಲೆಯನ್ನು ತೆತ್ತವರು ಅವರು, ಅಲ್ವಾ?

ಅದಕ್ಕೇ ನಾನು ಕೇಳುವುದು ಇಷ್ಟು. ಪ್ರವಾಸಿಗರಿಂದ ಬರುವ ತೆರಿಗೆ ಮೊದಲು ಚರಂಡಿಗೆ, ಕುಡಿಯುವ ನೀರಿಗೆ ಹೋಗಲಿ. ಹೊಸ ಜೆಟ್ಟಿ ಆಮೇಲೆ ನೋಡೋಣ. ಮುಂದಿನ ವರ್ಷದ ಲೆಕ್ಕ ಕೊಡುವಾಗ, ಸೀಸನ್ ಮುಗಿದ ಮೇಲೂ ಎಷ್ಟು ಜನರಿಗೆ ಸಂಬಳ ಬಂತು ಅನ್ನುವುದನ್ನೂ ಸೇರಿಸಿ ಕೊಡಲಿ.